ನಾಯಕರ ಬೇಟೆಗತ್ತಿ ಎರಡು ಬೆರಳು ಗಿಡ್ಡವಾದದ್ದು

ಕೆಲಸ ಬಿಟ್ಟವರಿಗೆ ಆರಾಮ ಎಂದು ಹೇಳಿದವರು ಯಾರೋ, ಅವರು ಕೆಲಸ ಮಾಡಿದವರಲ್ಲ. ನಾನು ಕುಲುಮೆ ಬಿಟ್ಟು ಇದು ಐದನೆಯ ತಿಂಗಳು. ಬೆಳಗ್ಗೆ ಎದ್ದು ಜಗಲಿಗೆ ಬರುತ್ತೇನೆ, ಹಿತ್ತಲಿಗೆ ಹೋಗುತ್ತೇನೆ, ಮತ್ತೆ ಜಗಲಿಗೆ ಬರುತ್ತೇನೆ. ಬಾಗಿಲ ಅಗುಳಿ ಸಡಿಲವಾಗಿದೆಯೇ ಎಂದು ಅಲ್ಲಾಡಿಸುತ್ತೇನೆ. ಆಗಿರುವುದಿಲ್ಲ, ನಿನ್ನೆ ನಾನೇ ಬಿಗಿ ಮಾಡಿದ್ದು. ಒಳಗಿನಿಂದ ಹೆಂಡತಿ, "ಒಂದ್ ಕಡೆ ಕುಂತ್ಕಳ್ರಿ ಅತ್ಲಾಗೆ, ನೆಲ ಸವೀತೈತೆ," ಎನ್ನುತ್ತಾಳೆ. ನಾನು ಅವಳದೇ ದನಿ ತೆಗೆದು, "ನೆಲ ಸವೀತೈತೆ," ಎನ್ನುತ್ತೇನೆ. ಒಳಗಿನಿಂದ ಸೌಟು ಬರುತ್ತದೆ.

ನಿವೃತ್ತಿ ಎಂದ ಕೂಡಲೇ ನೀವು ಬಿಳಿ ಗಡ್ಡವನ್ನು ನೆನೆಸಿಕೊಳ್ಳಬೇಡಿ. ನನಗೆ ಮೂವತ್ತೆರಡು. ಕಚೇರಿಯವರಿಗೆ ನಿವೃತ್ತಿಯನ್ನು ಹಾರ ಹಾಕಿ ಕೊಡುತ್ತಾರಂತೆ. ನನಗೆ ಕೊಟ್ಟದ್ದು ಗಾಡಿಚಕ್ರದ ಕಬ್ಬಿಣದ ಪಟ್ಟೆ. ಜಾರಿ ಎಡಗೈ ಮೇಲೆ ಬಿತ್ತು. ಮೂರು ಬೆರಳು ಈಗ ಮಡಚುವುದಿಲ್ಲ. ಎಡಗೈಯಲ್ಲಿ ಇಕ್ಕಳ ಹಿಡಿಯಲಾರದ ಕಮ್ಮಾರ ಕುಲುಮೆಯಲ್ಲಿ ಗಿರಾಕಿಯೇ ಹೊರತು ಇನ್ನೇನೂ ಅಲ್ಲ. ಹೆಸರು ಮೋನಪ್ಪಾಚಾರಿ. ಚಿತ್ರದುರ್ಗದ ಕಂಬಾರ ಬೀದಿಯಲ್ಲಿ ಆ ಹೆಸರು ಹೇಳಿದರೆ ಮೊದಲು ನಗುತ್ತಾರೆ, ಆಮೇಲೆ ದಾರಿ ತೋರಿಸುತ್ತಾರೆ. ಯಾರ ದನಿಯನ್ನಾದರೂ, ಯಾರ ನಡಿಗೆಯನ್ನಾದರೂ ಒಂದು ಸಲ ಕಂಡರೆ ಸಾಕು, ನಾನು ಅವರಾಗುತ್ತಿದ್ದೆ. ಶಾನುಭೋಗರು ನಸ್ಯ ಏರಿಸುವುದು, ಶೇಕದಾರರು ಕುದುರೆ ಇಳಿಯುವುದು, ನಮ್ಮ ಮಾವ ಊಟಕ್ಕೆ ಕರೆದಾಗ ಬೇಡ ಬೇಡ ಎನ್ನುತ್ತ ಎಲೆಯ ಮುಂದೆ ಕೂರುವುದು, ಎಲ್ಲವೂ ಬರುತ್ತಿತ್ತು. ಒಳ್ಳೆಯ ಕುಡಗೋಲು ಮಾಡುವುದು ಮಾತ್ರ ಬಹಳ ತಡವಾಗಿ ಬಂತು.

ಈಗ ಕುಲುಮೆಗೆ ಸೇರುತ್ತಿರುವವರು ನನ್ನನ್ನು ಕೇಳುತ್ತಾರೆ, ಕೆಲಸ ಹೇಗಿರುತ್ತದೆ ಎಂದು. ಬಿಸಿಯಾಗಿರುತ್ತದೆ. ಇನ್ನೂ ಬೇಕೆಂದರೆ ಕೆಳಗೆ ಓದಿ. ನಾನು ಯಾವಾಗ ತಿದಿಯಿಂದ ಸುತ್ತಿಗೆಗೆ ಬಂದೆ, ಯಾವಾಗ ಕಬ್ಬಿಣ ಬಡಿಯಲು ಸ್ವಂತ ಅಡಿಗಲ್ಲು ಇಟ್ಟೆ ಎನ್ನುವುದನ್ನೆಲ್ಲ ಬಿಟ್ಟಿದ್ದೇನೆ. ಕೆಡಿಸಿದ್ದನ್ನು ಬರೆದಿದ್ದೇನೆ. ಅದರಲ್ಲಿ ನನಗೆ ಅನುಭವ ಹೆಚ್ಚು.

ನಾನು ಕೆಲಸ ಕಲಿತದ್ದು ವೀರಭದ್ರಾಚಾರ್ಯರ ಹತ್ತಿರ. ಊರಿಗೆಲ್ಲ ಅವರು ದೊಡ್ಡಾಚಾರಿ. ಅವರ ಕುಲುಮೆಯಲ್ಲಿ ಮೂರೇ ಜನ. ಇಕ್ಕಳ ಹಿಡಿದು ಕೂರುವವರು ದೊಡ್ಡಾಚಾರಿ. ಸಮ್ಮಟಿಗೆ ಬೀಸುವವನು ಓಬಣ್ಣ. ಅವನು ಬಾಗಿಲಲ್ಲಿ ನಿಂತರೆ ಒಳಗೆ ಕತ್ತಲಾಗುತ್ತಿತ್ತು. ದಿನಕ್ಕೆ ಹತ್ತು ಮಾತು ಆಡಿದರೆ ಅವತ್ತು ಅವನಿಗೆ ಜ್ವರ ಬಂದಿದೆ ಎಂದು ಲೆಕ್ಕ. ತಿದಿ ಎಳೆದು ಬೆಂಕಿಗೆ ಗಾಳಿ ಹಾಕುವವನು ನಾನು. ಅಲ್ಲಿ ಒಂದು ಕಟ್ಟಳೆ ಇತ್ತು. ಕಾದ ಕಬ್ಬಿಣವನ್ನು ಹದಕ್ಕೆ ಎಣ್ಣೆಯಲ್ಲೋ ನೀರಿನಲ್ಲೋ ಅದ್ದುವ ಗಳಿಗೆಯಲ್ಲಿ ಯಾರೂ ಬಾಯಿ ಬಿಡುವಂತಿಲ್ಲ. ದೊಡ್ಡಾಚಾರಿ "ಹೂಂ" ಎನ್ನುತ್ತಾರೆ, ಕಬ್ಬಿಣ ಮುಳುಗುತ್ತದೆ, ಆಮೇಲೆ ಮಾತು. ನನ್ನ ಜೀವನದಲ್ಲಿ ನಾನು ಸುಮ್ಮನಿದ್ದದ್ದು ಅಷ್ಟು ಹೊತ್ತು ಮಾತ್ರ. ಅದೂ ಮೊದಲ ವಾರ ಆಗಲಿಲ್ಲ, ಕಪಾಳಕ್ಕೆ ಬಿದ್ದ ಮೇಲೆ ಆಯಿತು.

ಮೊದಲನೆಯ ಕೆಡುಕು ಮಾರಿಕಣಿವೆಯದು. ಹಿರಿಯೂರಿನ ಆಚೆ ಅಣೆಕಟ್ಟೆ ಏಳುತ್ತಿದ್ದ ಕಾಲ. ದೊಡ್ಡಾಚಾರಿ ಒಂದು ಬೇಸಗೆ ನಮ್ಮಿಬ್ಬರನ್ನೂ ಕರೆದುಕೊಂಡು ಹೋಗಿ ಅಲ್ಲಿ ಕುಲುಮೆ ಹೂಡಿದರು. ಕಲ್ಲುಕುಟಿಗರ ಉಳಿಗಳು ಬುಟ್ಟಿಗಟ್ಟಲೆ ಬರುತ್ತಿದ್ದವು. ಮೊಂಡಾದದ್ದನ್ನು ಕಾಯಿಸಿ, ಬಡಿದು, ಹದ ಹಾಕಿ ಕೊಡಬೇಕು. ಹದ ಎಂದರೆ ಎರಡು ಕೆಲಸ. ಮೊದಲು ಕೆಂಪಗೆ ಕಾಯಿಸಿ ಅದ್ದಬೇಕು. ಆಗ ಉಕ್ಕು ಗಟ್ಟಿಯಾಗುತ್ತದೆ, ಜೊತೆಗೆ ಸಿಡುಕೂ ಆಗುತ್ತದೆ, ಏಟು ಬಿದ್ದರೆ ಚಟ್ಟನೆ ಮುರಿಯುತ್ತದೆ. ಆಮೇಲೆ ಮತ್ತೆ ಮೆಲ್ಲಗೆ ಬಿಸಿ ತೋರಿಸಿ ಆ ಸಿಡುಕನ್ನು ಇಳಿಸಬೇಕು. ಒಂದು ದಿನ ದೊಡ್ಡಾಚಾರಿ ಹಿರಿಯೂರಿಗೆ ಹೋಗಿದ್ದಾಗ ಒಂದು ಬುಟ್ಟಿ ಉಳಿ ನನ್ನ ಪಾಲಿಗೆ ಬಂತು. ನನಗೆ ಒಂದು ಕಡೆ ನಿಲ್ಲುವ ತಾಳ್ಮೆ ಎಲ್ಲಿಯದು? ಎರಡನೆಯ ಕೆಲಸ ಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಕಲ್ಲುಕುಟಿಗರ ಹಿರಿಯ ಬಂದು ಮೂತಿ ಮುರಿದ ಉಳಿಗಳನ್ನು ನನ್ನ ಮುಂದೆ ಒಂದೊಂದಾಗಿ ಜೋಡಿಸಿಟ್ಟ.

"ಇದು ಉಳಿನೋ, ಬಳೆಗಾರ್ತಿ ಬುಟ್ಟಿನೋ?" ಎಂದು ಕೇಳಿದ.

ನಾನು ಬಳೆಗಾರ್ತಿಯ ದನಿಯಲ್ಲಿ, "ಕೈ ಕೊಡ್ರಣ್ಣಾ, ಅಳತೆ ನೋಡಾಣ," ಎಂದೆ. ಅವನು ನಗಲಿಲ್ಲ. ಉಳಿಯೆಲ್ಲವನ್ನೂ ನಾನು ಮತ್ತೆ ಮಾಡಬೇಕಾಯಿತು, ಅವನು ಎದುರಿಗೆ ಕುಕ್ಕರಗಾಲಲ್ಲಿ ಕೂತು ನೋಡಿದ.

ಎರಡನೆಯದು ಹೊಳಲ್ಕೆರೆಯ ಒಬ್ಬ ಅಡುಗೆ ಭಟ್ಟರ ಕತ್ತಿ. ಕತ್ತಿಯ ಬಾಲವನ್ನು ಹಿಡಿಯೊಳಗೆ ಕೂರಿಸಲು ನಾವು ಅರಗಿಗೆ ಇಟ್ಟಿಗೆ ಪುಡಿ ಬೆರೆಸಿ ಕರಗಿಸಿ ಹೊಯ್ಯುತ್ತೇವೆ. ಆರಿದರೆ ಕಲ್ಲಿನ ಹಾಗೆ ಹಿಡಿಯುತ್ತದೆ. ಆದರೆ ಅರಗು ಅರಗೇ. ಭಟ್ಟರು ಕತ್ತಿಯನ್ನು ಕೋಡೊಲೆಯ ಮಗ್ಗುಲಲ್ಲಿಟ್ಟು ಸಾರು ಕುದಿಸಿದ್ದಾರೆ. ಎತ್ತಿ ಕುಂಬಳಕಾಯಿಗೆ ಹೊಡೆದರೆ ಅಲಗು ಕಾಯಿಯಲ್ಲಿ, ಹಿಡಿ ಭಟ್ಟರ ಕೈಯಲ್ಲಿ. ದೊಡ್ಡಾಚಾರಿ ಅವತ್ತು ನನಗೆ ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಯಾರಾದರೂ ಕತ್ತಿ ಕೇಳಿದರೆ, ಅದು ಏನು ಕೊಯ್ಯುತ್ತದೆ ಎಂದು ಆಮೇಲೆ ಕೇಳಿ. ಎಲ್ಲಿ ಮಲಗುತ್ತದೆ ಎಂದು ಮೊದಲು ಕೇಳಿ.

ಆ ಹೊತ್ತಿಗೆ ನಮ್ಮ ಕೆಲಸವೇ ಬದಲಾಗುತ್ತಿತ್ತು. ಸೀಮೆ ಉಕ್ಕು ಉದ್ದುದ್ದ ಸರಳಾಗಿ ಬರುತ್ತಿತ್ತು. ಒಂದು ಸರಳು ಕಲಿತರೆ ಎಲ್ಲ ಸರಳೂ ಬಂದ ಹಾಗೆ. ಇದ್ದಿಲು ಬಿಟ್ಟು ಕಲ್ಲಿದ್ದಲು, ಚರ್ಮದ ತಿದಿ ಬಿಟ್ಟು ಕೈಯಲ್ಲಿ ತಿರುಗಿಸುವ ಚಕ್ರ ಎಂದು ಪಕ್ಕದ ಕುಲುಮೆಗಳವರು ಓಡುತ್ತಿದ್ದರು. ದೊಡ್ಡಾಚಾರಿ ಮಾತ್ರ ಇದ್ದಿಲನ್ನೂ ಚರ್ಮವನ್ನೂ ಬಿಡಲಿಲ್ಲ. ಅವರ ಕೆಲಸದಲ್ಲೂ ಒಂದು ಬದಲಾವಣೆ ಆಗಿತ್ತು. ಸಿಡುಕು ಇಳಿಸುವಾಗ ಮೊದಲೆಲ್ಲ ಅವರು ಅಲಗಿನ ಮೇಲೆ ಓಡುವ ಬಣ್ಣ ನೋಡುತ್ತಿದ್ದರು. ಒಣಹುಲ್ಲಿನ ಹಳದಿ, ಆಮೇಲೆ ಜೇನು, ಆಮೇಲೆ ನೇರಳೆ, ಆಮೇಲೆ ನವಿಲಿನ ಕತ್ತು. ಆಗ್ಗೆ ಒಂದು ವರ್ಷದಿಂದ ಬಣ್ಣ ನೋಡುವುದು ಬಿಟ್ಟು, ಒಂದು ಒಣ ಹುಣಸೆ ಕಡ್ಡಿಯನ್ನು ಅಲಗಿಗೆ ಉಜ್ಜಿ ಅದರ ಹೊಗೆ ಮೂಸುತ್ತಿದ್ದರು. ಹದ ತಪ್ಪುತ್ತಿರಲಿಲ್ಲ. ನಾನು ಅದನ್ನು ಹೊಸ ವಿದ್ಯೆ ಎಂದುಕೊಂಡೆ. ನನ್ನ ಬುದ್ಧಿಯ ಅಳತೆ ಇಲ್ಲಿಯೇ ನಿಮಗೆ ಸಿಕ್ಕಿರಬೇಕು.

ಇಂಥ ಸಮಯದಲ್ಲಿ ಧರ್ಮಪುರದ ಕಡೆಯಿಂದ ತಿಪ್ಪೇನಾಯಕರು ಬಂದರು. ಒಣಗಿದ ಸೀಗೆಯ ಹಾಗೆ ಇದ್ದರು, ಉದ್ದ, ಕಪ್ಪು, ಮುಟ್ಟಿದರೆ ತರಚುವಂಥವರು. ಗಾಡಿ ಇಳಿದು, ಗಿರಾಕಿಗಳು ಕೂರುವ ಬಂಡೆಯ ಮೇಲೆ ಒಂದು ಗಂಟು ಬಿಚ್ಚಿದರು. ಅದರಲ್ಲಿ ನಾಲ್ಕು ವಸ್ತು.

ಒಂದು, ಕಪ್ಪನೆಯ ಲೋಹದ ಉಂಡೆ, ಒಣಕೊಬ್ಬರಿಯ ಹೋಳಿನಷ್ಟು. ಹೊಳಲ್ಕೆರೆ ಕಡೆಯ ಒಂದು ಹಳ್ಳಿಯಲ್ಲಿ ಹಿಂದೆ ಮಣ್ಣಿನ ಮೂಸೆಯೊಳಗೆ ಕಬ್ಬಿಣವನ್ನೂ ಸೊಪ್ಪನ್ನೂ ಮುಚ್ಚಿ ಬೇಯಿಸಿ ಉಕ್ಕು ಮಾಡುತ್ತಿದ್ದರು. ಈಗ ಅಲ್ಲಿ ಒಡೆದ ಮೂಸೆಗಳ ದಿಬ್ಬ ಇದೆ, ಮಾಡುವವರಿಲ್ಲ. ನಾಯಕರ ತಾತ ತಂದಿಟ್ಟಿದ್ದ ಉಂಡೆ ರಾಗಿ ವಾಡೆಯ ತಳದಲ್ಲಿ ತುಕ್ಕು ಹಿಡಿಯದೆ ಉಳಿದಿತ್ತು. ಎರಡು, ಕಮರದ ಮರದ ಕೆಚ್ಚು. ನೀರಿಗೆ ಹಾಕಿದರೆ ಮುಳುಗುವ ಮರ, ಅರ ಹಾಕಿದರೆ ಅರವೇ ಸವೆಯುತ್ತದೆ. ಮೂರು, ಕೃಷ್ಣಮೃಗದ ಕೊಂಬಿನ ತುಂಡು. ಎರಡು ಗಂಡು ಕಾದಾಡಿ ಮುರಿದು ಬಿದ್ದದ್ದು. ನಾಲ್ಕು, ಒಡೆದ ಗಂಟೆಯ ಚೂರು. ಇವುಗಳಿಂದ ಒಂದು ಬೇಟೆಗತ್ತಿ ಆಗಬೇಕು. ಒರೆಗೆ ಉಡದ ಚರ್ಮ ಮನೆಯಲ್ಲೇ ಇದೆಯಂತೆ.

"ಹಳೇ ಕತ್ತಿ ಏನಾಯ್ತು ನಾಯಕ್ರೆ? ನಮ್ಮಪ್ಪ ಮಾಡಿದ್ದು," ಎಂದರು ದೊಡ್ಡಾಚಾರಿ.

"ಹಂದಿ ಎತ್ಕಂಡೋತು."

"ಹಂದಿನಾ?"

"ಭುಜಕ್ಕೆ ಹಾಕ್ದೆ. ಹಂಗೇ ಓಡಿಹೋತು. ಮೂರು ದಿನ ಹುಡುಕಿದ್ವಿ. ಅದೆಲ್ಲೋ ನಿಮ್ಮಪ್ಪನ್ನ ನೆನೆಸ್ಕಂಡು ತಿರುಗ್ತಿರಬೇಕು." ಆಮೇಲೆ ಉಂಡೆಯನ್ನು ದೊಡ್ಡಾಚಾರಿಯ ಅಂಗೈಗೆ ಹಾಕಿ ಅವರ ಬೆರಳು ಮಡಚಿದರು. "ಇಂಥದ್ದು ಇನ್ನೊಂದಿಲ್ಲ ಆಚಾರ್ರೆ. ಕೆಟ್ರೆ ಕೆಡ್ತು, ಅಷ್ಟೇಯ."

ದೊಡ್ಡಾಚಾರಿ ಉಂಡೆಯನ್ನು ಕಿವಿಯ ಹತ್ತಿರ ಹಿಡಿದು ಉಗುರಲ್ಲಿ ತಟ್ಟಿದರು. ಅವರ ಮುಖ ನಾನು ಎಂದೂ ಕಾಣದ ಹಾಗಾಯಿತು. "ಎಂಟು ದಿನ ಬಿಟ್ಟು ಬರ್ರಿ," ಎಂದರು.

ಮೂಸೆ ಉಕ್ಕು ಸೀಮೆ ಉಕ್ಕಿನ ಹಾಗಲ್ಲ. ಬೆಳ್ಳಗೆ ಕಾಯಿಸಿದರೆ ಸುತ್ತಿಗೆ ಬಿದ್ದ ಕೂಡಲೇ ಬೆಲ್ಲದ ಹಾಗೆ ಪುಡಿಯಾಗುತ್ತದೆ. ಮಂದ ಕೆಂಪಿನಲ್ಲೇ, ಸಣ್ಣ ಏಟಿನಲ್ಲೇ, ನೂರಾರು ಸಲ ಬೆಂಕಿಗೆ ಹೋಗಿ ಬಂದು ಅದು ಉದ್ದವಾಗಬೇಕು. ಆರು ದಿನ ಬಡಿದೆವು. ದೊಡ್ಡಾಚಾರಿ ಏಟಿನ ಸದ್ದು ಕೇಳಿ, "ಆರ್ತು, ಒಳಗಿಡು," ಎನ್ನುತ್ತಿದ್ದರು. ಒಮ್ಮೆಯೂ ತಪ್ಪಲಿಲ್ಲ. ಏಳನೆಯ ದಿನಕ್ಕೆ ಒಂದು ಗೇಣಿನ ಅಲಗು ಸಿದ್ಧವಾಯಿತು. ಹದ ಒಂದು ಬಾಕಿ.

ಎಂಟನೆಯ ದಿನ ನಾಯಕರು ಬಂದಾಗ ದೊಡ್ಡಾಚಾರಿ ಒಳಗೆ ಊಟಕ್ಕೆ ಕೂತಿದ್ದರು. ಬಂಡೆಯ ಮೇಲೆ ನಾಲ್ಕೈದು ಗಿರಾಕಿಗಳಿದ್ದರು. ಅವರಲ್ಲೊಬ್ಬ, "ಲೇ ಮೋನಾ, ಹೊತ್ತು ಹೋಗ್ವಲ್ದು, ದೊಡ್ಡಾಚಾರ್ರನ್ನ ಮಾಡೋ," ಎಂದ. ನನಗೆ ಎರಡು ಸಲ ಹೇಳಬೇಕೆ? ಅವರ ಜಾಗದಲ್ಲಿ ಕೂತೆ. ತಲೆಯನ್ನು ಒಂದು ಕಡೆ ವಾಲಿಸಿದೆ. ಬೆರಳಿನಿಂದ ನೆಲ ಸವರುತ್ತ ಇಕ್ಕಳ ಹುಡುಕಿದೆ. ಎರಡು ಬೆರಳಿಂದ ಅಡಿಗಲ್ಲಿನ ಅಂಚು ಮುಟ್ಟಿ, ಆಮೇಲೆ ಇಲ್ಲದ ಕಬ್ಬಿಣವನ್ನು ಅದರ ಮೇಲಿಟ್ಟೆ. ಕೆನ್ನೆ ಹತ್ತಿರ ತಂದು ಬಿಸಿ ನೋಡಿದೆ. ಕಡ್ಡಿ ಉಜ್ಜಿ ಮೂಸಿ, ದೇವರ ಪ್ರಸಾದ ಸಿಕ್ಕಿದವರ ಹಾಗೆ ಕಣ್ಣು ಮುಚ್ಚಿದೆ. ಬಂಡೆ ಬಿದ್ದು ಬಿದ್ದು ನಕ್ಕಿತು. ನಾಯಕರೂ ನಕ್ಕರು. ಆಮೇಲೆ ಅವರೊಬ್ಬರೇ ತಟ್ಟನೆ ನಿಲ್ಲಿಸಿದರು.

"ಇನ್ನೊಂದ್ ಸಲ ಮಾಡಪ್ಪ," ಎಂದರು.

ಅಣಕಿಸುವವನಿಗೆ ಇದಕ್ಕಿಂತ ಸಿಹಿಯಾದ ಮಾತು ಇನ್ನೊಂದಿಲ್ಲ. ಇನ್ನೊಂದು ಸಲ ಮಾಡಿದೆ, ಮೊದಲಿಗಿಂತ ಚೆನ್ನಾಗಿ.

"ಇಕ್ಕಳ ತಗಳ್ಳಾವಾಗ ನೆಲ ಹಿಂಗೆ ಸವರ್ತಾರಾ?"

"ಹೂಂ ನಾಯಕ್ರೆ, ದಿನಾ."

"ಯಾವತ್ತಿಂದ?"

"ಹೋದ ವರ್ಷದಿಂದ," ಎಂದೆ. ಎಂದ ಮೇಲೆ ನನ್ನ ಬಾಯಿ ಹಾಗೆಯೇ ತೆರೆದುಕೊಂಡಿತು. ವರ್ಷವಿಡೀ ಒಂದೊಂದು ಅಲುಗಾಟವನ್ನೂ ನೋಡಿ ಕಲಿತಿದ್ದೆ, ಯಾಕೆ ಹಾಗೆ ಮಾಡುತ್ತಾರೆ ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ.

"ಕಣ್ಣು ಹೋದ ಪ್ರಾಣಿ ಹೆಂಗೆ ನಡೀತೈತೆ ಅಂತ ನಂಗೆ ಗೊತ್ತೈತೆ," ಎಂದು ನಾಯಕರು ಎದ್ದರು.

ಬಾಗಿಲಲ್ಲಿ ದೊಡ್ಡಾಚಾರಿ ನಿಂತಿದ್ದರು. ಕೈ ತೊಳೆದ ನೀರು ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು.

"ಆಚಾರ್ರೆ, ಕಣ್ಣು ಹೆಂಗವೆ?"

"ಅವೆ."

"ನಾಡಿದ್ದು ಹದ ಹಾಕ್ರಿ. ನಾನು ಎದುರಿಗೆ ಕುಂತಿರ್ತೀನಿ. ಆಗಲ್ಲ ಅಂದ್ರೆ ಈಗ್ಲೇ ಹೇಳ್ರಿ, ಹಸೀ ಅಲಗನ್ನೇ ತಗಂಡು ಹೋಗ್ತೀನಿ. ಬ್ಯಾಸರ ಇಲ್ಲ."

"ನಾಡಿದ್ದು ಬರ್ರಿ," ಎಂದರು ದೊಡ್ಡಾಚಾರಿ.

ಹದ ಹಾಕದ ಅಲಗು ಒಂದು ಕುಲುಮೆಯಿಂದ ಹೊರಗೆ ಹೋಯಿತೆಂದರೆ ಅದರ ಅರ್ಥ ಕಂಬಾರರಿಗೆ ಗೊತ್ತು. ಮಾರನೆಯ ವಾರ ಹೊಸದುರ್ಗದವರೆಗೆ ಸುದ್ದಿ ಮುಟ್ಟುತ್ತದೆ. ಆಮೇಲೆ ದೊಡ್ಡಾಚಾರಿಯ ಹತ್ತಿರ ಕುಡಗೋಲನ್ನು ಸಾಣೆ ಹಿಡಿಸಲೂ ಯಾರೂ ಬರುವುದಿಲ್ಲ. ಮೂರು ತಲೆಮಾರಿನ ಮುದ್ರೆ ಅವರದು, ಕತ್ತಿಯ ಬುಡದಲ್ಲಿ ಒಡೆಯುವ ಸಣ್ಣ ತ್ರಿಶೂಲ. ಅದನ್ನು ನಾನು ಐದು ಜನರನ್ನು ನಗಿಸಲು ಬೀದಿಗೆ ತಂದಿದ್ದೆ.

ಅವರು ಹೊಡೆಯಲಿಲ್ಲ. ಹೊಡೆದಿದ್ದರೆ ನಾನು ಒಂದು ಕಡೆ ಕೂತು ಅಳುತ್ತಿದ್ದೆ. ಹೊಡೆಯದ್ದರಿಂದ ಎಲ್ಲಿಯೂ ಕೂರಲಾಗಲಿಲ್ಲ. ಇದ್ದಿಲು ಒಡೆದೆ, ಒಡೆದದ್ದನ್ನೇ ಮತ್ತೆ ಒಡೆದೆ. ಓಬಣ್ಣನ ಹತ್ತಿರ ಹೋದೆ.

"ನಿಂಗೆ ಗೊತ್ತಿತ್ತೇನೋ?"

"ಹೂಂ."

"ಯಾವತ್ತಿಂದ?"

ಅವನು ಅಡಿಗಲ್ಲಿನ ಬರಿ ಮೈಗೆ ಸುತ್ತಿಗೆಯಿಂದ ಎರಡು ಸಲ ಮೆತ್ತಗೆ ತಟ್ಟಿದ. ಕಬ್ಬಿಣ ಕಾದಾಗ ಒಂದು, ಆರಿದಾಗ ಎರಡು. ಒಂದು ವರ್ಷದಿಂದ ಅವನು ದೊಡ್ಡಾಚಾರಿಗೆ ಬಣ್ಣ ಹೇಳುತ್ತಿದ್ದದ್ದು ಹಾಗೆ. ಊರಿನ ಎಲ್ಲ ಸದ್ದನ್ನೂ ಕದಿಯುವ ನನ್ನ ಕಿವಿಗೆ ಎರಡು ಮೊಳ ದೂರದ ಆ ಮಾತು ಒಂದು ದಿನವೂ ಬಿದ್ದಿರಲಿಲ್ಲ. ದೊಡ್ಡಾಚಾರಿಯ ಹೆಂಡತಿ ಗೌರಮ್ಮನವರಂತೂ ನನ್ನ ಎಲೆಗೆ ಮುದ್ದೆ ಹಾಕುತ್ತ, "ಈ ಮನೇಲಿ ಬೆಕ್ಕಿಗೂ ಗೊತ್ತಿತ್ತು ಕಣೋ ಮೋನಾ," ಎಂದರು.

ಸಂಜೆ ದೊಡ್ಡಾಚಾರಿ ಕರೆದರು. ಕಾಲಿಗೆ ಬೀಳಲು ಹೋದೆ.

"ಅದೆಲ್ಲ ಬ್ಯಾಡ. ನನ್ನನ್ನ ಹೆಂಗೆ ಮಾಡ್ದೆ, ಹೇಳು."

"ಆಚಾರ್ರೇ..."

"ಹೇಳೋ. ನಂಗೆ ಕಾಣಲ್ಲ, ಬಾಯಲ್ಲಿ ಹೇಳು."

ಹೇಳಿದೆ. ನೆಲ ಸವರುವುದು, ತಲೆ ವಾಲಿಸುವುದು, ಅಂಚು ಮುಟ್ಟುವುದು. ವೈದ್ಯರ ಮುಂದೆ ಕೂತವರ ಹಾಗೆ ಕೇಳಿಸಿಕೊಂಡರು. ಎಲ್ಲ ಮುಗಿದ ಮೇಲೆ, "ಮುಂಚೆ ಹೆಂಗಿದ್ದೆ?" ಎಂದರು.

ನನಗೆ ಅದೂ ಬರುತ್ತಿತ್ತು. ಆ ಸಂಜೆ ಮತ್ತು ಮಾರನೆಯ ದಿನ ನಾನು ಹಿಂದಿನ ದೊಡ್ಡಾಚಾರಿಯನ್ನು ದೊಡ್ಡಾಚಾರಿಗೇ ಕಲಿಸಿದೆ. ಇಕ್ಕಳವನ್ನು ಎಡ ಮೊಣಕಾಲಿಗೆ ತಾಗುವಂತೆ ಇಟ್ಟರೆ ಸವರಬೇಕಿಲ್ಲ. ಗದ್ದ ಎದೆಗೆ ಒತ್ತಿದರೆ ತಲೆ ವಾಲುವುದಿಲ್ಲ. ಬೆಂಕಿಯತ್ತ ಕಣ್ಣು ಕಿರಿದು ಮಾಡಿ, ಹುಬ್ಬು ಗಂಟಿಕ್ಕಿ, ಆಮೇಲೆ ಒಂದು ಸಲ ಮೂಗು ಏರಿಸಬೇಕು.

"ನಾನು ಮೂಗು ಏರಿಸ್ತಿದ್ನಾ?"

"ಹೂಂ, ಎಲ್ರ ಮ್ಯಾಲೂ."

ಅವರು ಮೊದಲ ಸಲ ನಕ್ಕರು. ತಮ್ಮನ್ನು ತಾವೇ ಅಣಕಿಸುವುದು ಅವರಿಗೆ ನನಗಿಂತ ಕಷ್ಟವಾಯಿತು. ಬಣ್ಣಕ್ಕೊಂದು ಏರ್ಪಾಡು ಮಾಡಿಕೊಂಡೆವು. ಹದದ ಹೊತ್ತಿನಲ್ಲಿ ಬಡಿತವಿಲ್ಲ, ಸುಮ್ಮನೆ ಅಡಿಗಲ್ಲು ತಟ್ಟಿದರೆ ನಾಯಕರಿಗೆ ಗೊತ್ತಾಗುತ್ತದೆ, ಮಾತಂತೂ ಇಲ್ಲ. ಇರುವ ಸದ್ದು ತಿದಿಯದೊಂದೇ. ಮೂಸೆ ಉಕ್ಕಿಗೆ ಮಾಗಿದ ಬಾರೆಹಣ್ಣಿನ ಕೆಂಪು ಬರಬೇಕು, ಅದನ್ನು ದಾಟಬಾರದು. ಆ ಕೆಂಪು ಬಂದ ಕೂಡಲೇ ನಾನು ತಿದಿಯ ಉಸಿರನ್ನು ಅರ್ಧಕ್ಕೆ ನಿಲ್ಲಿಸಬೇಕು. ಅವರು "ಹೂಂ" ಎಂದು ಅದ್ದುತ್ತಾರೆ.

"ಅಲಗಿನ ಮ್ಯಾಲೆ ಕಣ್ಣಿಡು. ಬ್ಯಾರೆ ಎಲ್ಲೂ ಬ್ಯಾಡ," ಎಂದರು.

ಆ ದಿನ ಬಂತು. ಬಣ್ಣ ಸರಿಯಾಗಿ ಕಾಣಲೆಂದು ಕುಲುಮೆಗೆ ಚಾಪೆ ಕಟ್ಟಿ ಕತ್ತಲು ಮಾಡಿದ್ದೆವು. ಹೊಂಗೆ ಎಣ್ಣೆಯ ದೋಣಿ ದೊಡ್ಡಾಚಾರಿಯ ಎಡಕ್ಕೆ. ನಾಯಕರು ಬೆಂಕಿಯ ಎದುರಿಗೇ ಕುಕ್ಕರಿಸಿದರು, ಪೊದೆಯ ಹಿಂದೆ ಕೂರುವವರ ಹಾಗೆ. ದೊಡ್ಡಾಚಾರಿ ಮೊಣಕಾಲಿನ ಹತ್ತಿರದಿಂದ ಇಕ್ಕಳ ತೆಗೆದರು, ಸವರಲಿಲ್ಲ. ಅಲಗನ್ನು ಇದ್ದಿಲಿನಲ್ಲಿ ಇಟ್ಟರು. ಬುಡದ ಹತ್ತಿರ ಮೂರು ಬೆರಳಷ್ಟು ಬೆಂಕಿಯ ಹೊರಗೇ ಉಳಿಯಿತು, ಅಲ್ಲಿ ಹದ ಬೇಡ. ಕಣ್ಣು ಕಿರಿದು ಮಾಡಿದರು. ಹುಬ್ಬು ಗಂಟಿಕ್ಕಿದರು. ಎಷ್ಟು ಚೆನ್ನಾಗಿ ಮಾಡಿದರೆಂದರೆ ನನಗೇ ಅವರಿಗೆ ಕಣ್ಣು ಬಂದಿದೆ ಎನಿಸಿತು. ಅಲಗು ಕಪ್ಪಿನಿಂದ ಮಬ್ಬಿಗೆ, ಮಬ್ಬಿನಿಂದ ಕೆಂಪಿಗೆ ತಿರುಗಿತು. ಅವರು ಮೂಗು ಏರಿಸಿದರು.

ಆಗ ನಾನು ನಾಯಕರ ಮುಖ ನೋಡಿದೆ.

ಇದನ್ನು ಹೇಗೆ ಬರೆಯಲಿ? ಜೀವನವೆಲ್ಲ ಅಣಕಿಸಿ, ಆಮೇಲೆ ನಗುತ್ತಾರೋ ಇಲ್ಲವೋ ಎಂದು ಎದುರಿನ ಮುಖ ನೋಡಿದವನು ನಾನು. ಆ ಮೂಗು ಏರಿಸಿದ್ದು ನನ್ನ ಕೈಕೆಲಸ. ಅದು ನಾಯಕರ ಮೇಲೆ ನಾಟಿತೇ ಎಂದು ನೋಡದೆ ಇರಲಾಗಲಿಲ್ಲ. ನಾಟಿತ್ತು. ನಾಯಕರ ಭುಜ ಸಡಿಲವಾಯಿತು. ನಾನು ಹಿಗ್ಗಿ ತಿರುಗಿ ಬೆಂಕಿ ನೋಡಿದರೆ ಅಲಗಿನ ತುದಿ ಬಾರೆಹಣ್ಣು ದಾಟಿ ಮುತ್ತುಗದ ಹೂವಾಗಿತ್ತು. ಒಂದೇ ಒಂದು ಉಸಿರು ಹೆಚ್ಚಾಗಿತ್ತು. ತಿದಿಯನ್ನು ಅರ್ಧಕ್ಕೆ ನಿಲ್ಲಿಸಿದೆ.

"ಹೂಂ."

ಅಲಗು ಎಣ್ಣೆಗೆ ಹೋಯಿತು. ಹೊಗೆ ಎದ್ದಿತು. ಹೊಗೆಯೊಳಗೆ ಒಂದು ಸಣ್ಣ ಸದ್ದು, ಹುರುಳಿಕಾಳು ಹಲ್ಲಿಗೆ ಸಿಕ್ಕ ಹಾಗೆ. ಓಬಣ್ಣ ನನ್ನನ್ನು ನೋಡಿದ.

ನಾಯಕರಿಗೆ ಕೇಳಿಸಿರಲಿಲ್ಲ. ಅವರು ಎದ್ದು ಚಾಪೆ ಸರಿಸಿ, ಬೆಳಕಿನಲ್ಲಿ ಅಲಗನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಕಲೆಯಿಲ್ಲ, ಡೊಂಕಿಲ್ಲ. "ಶಭಾಷ್ ಆಚಾರ್ರೆ. ನಾನು ಏನೇನೋ ಅಂದ್ಕಂಡೆ. ತಪ್ಪಾತು," ಎಂದರು. ಬಂಡೆಯ ಮೇಲಿದ್ದವರು, "ಅಬ್ಬಾ!" ಎಂದರು. ಎಲ್ಲವೂ ಮುಗಿದಿತ್ತು. ನಾವು ಗೆದ್ದಿದ್ದೆವು. ದೊಡ್ಡಾಚಾರಿ ಸುಮ್ಮನಿದ್ದರೆ ಸಾಕಿತ್ತು.

"ಇಲ್ಲಿ ಕೊಡ್ರಿ," ಎಂದು ಅವರು ಕೈ ಚಾಚಿದರು. ಅಲಗನ್ನು ಕಿವಿಯ ಹತ್ತಿರ ಹಿಡಿದು ಬುಡದಿಂದ ತುದಿಯವರೆಗೆ ಉಗುರಲ್ಲಿ ತಟ್ಟುತ್ತ ಹೋದರು. ಟಿಂಗ್, ಟಿಂಗ್, ಟಿಂಗ್. ತುದಿಯಲ್ಲಿ, ಟಕ್.

"ತುದಿ ಸೀಳೈತೆ ನಾಯಕ್ರೆ."

ನಾಯಕರು ಬಗ್ಗಿ ನೋಡಿದರು. "ಎಲ್ಲಿ? ನಂಗೇನೂ ಕಾಣಲ್ಲಪ್ಪ."

"ನಂಗೂ ಕಾಣಲ್ಲ." ಗದ್ದವನ್ನು ಎದೆಯಿಂದ ಎತ್ತಿದರು. ತಲೆ ತನ್ನಷ್ಟಕ್ಕೆ ಒಂದು ಕಡೆ ವಾಲಿತು. "ನಂಗೆ ಏನೂ ಕಾಣಲ್ಲ ನಾಯಕ್ರೆ, ಬೆಳಕು ಯಾವ ಕಡೆ ಐತೆ ಅನ್ನಾದೊಂದು ಬಿಟ್ರೆ. ಇವತ್ತು ನೀವು ನೋಡಿದ್ದು ಇವನು ಕಲ್ಸಿದ್ದು. ಆದ್ರೆ ಇದು ನಂಗೆ ಕೇಳ್ತೈತೆ. ಹಂದಿ ಮೈಯಾಗೆ ತುದಿ ಮುರೀತದೆ. ಆಮ್ಯಾಲೆ ನಿಮ್ ಕೈಯಾಗೆ ಬರೀ ಮೊಂಡು."

ಇಂಥ ಕಡೆ ಮಾತಾಡಲೆಂದೇ ದೇವರು ನನಗೆ ಬಾಯಿ ಕೊಟ್ಟಿರುವುದು. ತಿದಿ ಬಿಟ್ಟು ಎದ್ದು ಹೇಳಿದೆ. "ಆಚಾರ್ರದ್ದಲ್ಲ ತಪ್ಪು. ಬಣ್ಣ ನೋಡಬೇಕಾದವ್ನು ನಾನು. ನಾನು ನಿಮ್ ಮುಖ ನೋಡ್ದೆ."

"ನನ್ನ ಮುಖಾನಾ? ಯಾಕೆ?"

"ನಂಬಿದ್ರೋ ಇಲ್ವೋ ಅಂತ."

ನಾಯಕರು ನನ್ನನ್ನು ಬಹಳ ಹೊತ್ತು ನೋಡಿದರು. ಹಂದಿಗೆ ಏನನ್ನಿಸಿರಬೇಕು ಎನ್ನುವುದು ನನಗೆ ಅವತ್ತು ತಿಳಿಯಿತು. ಆಮೇಲೆ ದೊಡ್ಡಾಚಾರಿಯ ಪಕ್ಕದಲ್ಲೇ ನೆಲದ ಮೇಲೆ ಕೂತರು.

"ಎಷ್ಟು ಹೋಗ್ತೈತೆ?"

"ಎರಡು ಬೆರಳು."

"ಉಳಿದಿದ್ದು?"

ದೊಡ್ಡಾಚಾರಿ ಮತ್ತೆ ತಟ್ಟಿದರು. ಅವಸರ ಮಾಡಲಿಲ್ಲ. "ಉಳಿದಿದ್ದಕ್ಕೆ ನಮ್ಮಪ್ಪನ ಮುದ್ರೆ ಹೊಡೀತೀನಿ."

"ಹೊಡೀರಿ ಮತ್ತೆ. ಗಿಡ್ಡ ಕತ್ತಿ ಅಂದ್ರೆ ಇನ್ನಷ್ಟು ಹತ್ರ ಹೋಗಬೇಕು, ಅಷ್ಟೇ ಅಲ್ವಾ? ಕಾಣೋದನ್ನೇ ಹೇಳೋರು ಬಾಳ ಜನ ಸಿಗ್ತಾರೆ. ಕಾಣ್ದಿರೋ ಸೀಳು ಹೇಳಿದೋರ ಕತ್ತೀನ ನಾನು ಬ್ಯಾಡ ಅಂತೀನಾ?"

ಓಬಣ್ಣ ಅಡಿಗಲ್ಲಿನ ಅಂಚಿನಲ್ಲಿಟ್ಟು ಒಂದೇ ಏಟಿಗೆ ತುದಿ ಹಾರಿಸಿದ. ಮುರಿದ ಮೈಯಲ್ಲಿ ಸೀಳಿನ ಕಪ್ಪುಗೆರೆ ಕೂದಲಿನಷ್ಟಿತ್ತು. ಸಿಡುಕು ಇಳಿಸುವಾಗ ದೊಡ್ಡಾಚಾರಿ ಎಲ್ಲರ ಎದುರಿಗೇ ಹುಣಸೆ ಕಡ್ಡಿ ಉಜ್ಜಿ ಮೂಸಿದರು. ಈ ಸಲ ಯಾರೂ ನಗಲಿಲ್ಲ. ಬುಡದ ಮೆತ್ತನೆಯ ಜಾಗಕ್ಕೆ ಹೆಬ್ಬೆರಳಿಟ್ಟು ಅಳೆದು, ತ್ರಿಶೂಲದ ಮುದ್ರೆ ಹೊಡೆದರು. ನೇರವಾಗಿ ಬಿತ್ತು. ಸಾಣೆ ಹಿಡಿದು, ಹೊಸ ತುದಿ ತೆಗೆದು, ನಿಂಬೆರಸ ಹಚ್ಚಿ ತೊಳೆದಾಗ ಅಲಗಿನ ಮೈಮೇಲೆ ಗೆರೆಗಳು ಎದ್ದವು. ಮೂಸೆ ಉಕ್ಕಿಗೆ ಮಾತ್ರ ಬರುವ ಗೆರೆಗಳು.

"ಬಂದವೇನೋ?" ಎಂದು ದೊಡ್ಡಾಚಾರಿ ಕೇಳಿದರು.

"ಬಂದವೆ."

"ಹೆಂಗವೆ?"

ಯಾರ ಹಾಗೂ ಅಲ್ಲದ ಒಂದು ವಸ್ತುವನ್ನು ಹೇಳುವುದು ನನಗೆ ರೂಢಿಯಿಲ್ಲ. ಹುಡುಕಿ ಹುಡುಕಿ, "ವೇದಾವತಿ ಮರಳಾಗೆ ನೀರು ಇಳಿದ ಮ್ಯಾಲೆ ಉಳೀತವಲ್ಲ, ಹಂಗೆ," ಎಂದೆ. ಅವರು ತಲೆಯಾಡಿಸಿದರು. ಕಮರದ ಹಿಡಿಗೆ ಅರಗು ಹೊಯ್ದು, ಗಂಟೆಯ ಕಂಚಿನ ಉಂಗುರ ತೊಡಿಸಿ, ಹಿಂಬದಿಗೆ ಕೊಂಬು ಕೂರಿಸಿ ಕೊಟ್ಟಾಗ ನಾಯಕರನ್ನು ನಾನೇ ಕೇಳಿದೆ, ಕತ್ತಿ ಎಲ್ಲಿ ಮಲಗುತ್ತದೆ ಎಂದು. "ನನ್ನ ಸೊಂಟದಾಗೆ," ಎಂದರು. ಒಲೆಯ ಹತ್ತಿರ ಬೇಡ ಎಂದೆ.

ಅವರ ಗಾಡಿ ಹೋದ ಮಾರನೆಯ ಬೆಳಗ್ಗೆ ದೊಡ್ಡಾಚಾರಿ ಸ್ನಾನ ಮಾಡಿ, ವಿಭೂತಿ ಹಚ್ಚಿ ಕುಲುಮೆಗೆ ಬಂದರು. ತಮ್ಮ ಜಾಗದಲ್ಲಿ ಕೂರಲಿಲ್ಲ. ಇಕ್ಕಳವನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು. ಇಷ್ಟೆಲ್ಲ ಆದ ಮೇಲೆ ಅದು ಯಾರಿಗೆ ಬರುತ್ತದೆ ಎನ್ನುವುದರಲ್ಲಿ ನನಗೆ ಅನುಮಾನ ಇರಲಿಲ್ಲ. ತಪ್ಪು ಒಪ್ಪಿಕೊಂಡವನು, ಕಣ್ಣಾದವನು, ಹಿಂದಿನ ದೊಡ್ಡಾಚಾರಿಯನ್ನು ಹೊಟ್ಟೆಯಲ್ಲಿಟ್ಟುಕೊಂಡವನು ನಾನೇ ಅಲ್ಲವೇ? ವಿನಯದಿಂದ ತಲೆ ತಗ್ಗಿಸಿ ಎರಡೂ ಕೈ ಚಾಚಿದೆ.

"ಓಬಣ್ಣ, ತಗಳಪ್ಪ," ಎಂದರು ದೊಡ್ಡಾಚಾರಿ.

ಇಕ್ಕಳ ನನ್ನ ಮೂಗಿನ ಮುಂದೆ ದಾಟಿಹೋಯಿತು. ಓಬಣ್ಣ ಅದನ್ನು ಕಣ್ಣಿಗೊತ್ತಿಕೊಂಡ. ಚಾಚಿದ ನನ್ನ ಕೈಗಳನ್ನು ಒಮ್ಮೆ ನೋಡಿ, ಖಾಲಿ ಇರಬಾರದೆಂದು ಸಮ್ಮಟಿಗೆಯನ್ನು ಅದರಲ್ಲಿ ಇಟ್ಟ. ಭಾರಕ್ಕೆ ನಾನು ಅಲ್ಲಿಯೇ ಬಗ್ಗಿದೆ. ತಿದಿಗೆ ಗೌರಮ್ಮನವರು ಬಂದು ಕೂತರು, ಸೆರಗು ಬಾಯಿಗೆ ಒತ್ತಿಕೊಂಡು. ನಗುತ್ತಿದ್ದರು ಎಂದು ಬೇರೆ ಹೇಳಬೇಕಿಲ್ಲ. ದೊಡ್ಡಾಚಾರಿ ಗೋಡೆ ಹಿಡಿದು ಹೋಗಿ ಗಿರಾಕಿಗಳ ಬಂಡೆಯ ಮೇಲೆ ಕಾಲು ಚಾಚಿ ಕೂತರು.

ಓಬಣ್ಣ ಒಂದು ಕಾದ ನೇಗಿಲ ಕುಳವನ್ನು ಅಡಿಗಲ್ಲಿಗಿಟ್ಟ. ನಾನು ಓಬಣ್ಣನಂತೆ ಕಾಲು ಅಗಲ ಮಾಡಿ, ಓಬಣ್ಣನಂತೆ ಉಸಿರು ಕಟ್ಟಿ, ಓಬಣ್ಣನಂತೆ ಸಮ್ಮಟಿಗೆಯನ್ನು ಕಿವಿಯ ಹಿಂದಿನಿಂದ ತಂದು ಹೊಡೆದೆ. ಏಟು ಅಡ್ಡ ಬಿತ್ತು.

ಹೊರಗೆ ಬಂಡೆಯ ಮೇಲಿಂದ ದೊಡ್ಡಾಚಾರಿ ಕೂಗಿದರು. "ಲೇ ಮೋನಾ, ಅದು ಓಬಣ್ಣನ ಏಟು. ಅವನದು ಅವನ ತಾವ ಐತೆ. ನಿಂದು ಹೊಡಿ."